ಪರದೇಸಿ

ಕನ್ನಡದಲ್ಲಿ ‘ಪರದೇಸಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಒಂದು. ಹಿಂದುಮುಂದಿಲ್ಲದ ಅನಾಥ ಎಂಬುದು ಇನ್ನೊಂದು. ಶಾಸನಗಳ ಕಾಲದಲ್ಲಿ ದೇಶಾಂತರ ತಿರುಗುತ್ತಿದ್ದ ವರ್ತಕರು ‘ಉಭಯನಾನಾದೇಸಿ’ಗಳೆಂದು ಗೌರವದಿಂದಲೇ ಕರೆಯಿಸಿಕೊಂಡರು. ಅದೇ ‘ದೇಸಿ’ಯು ‘ಪರ’ದೊಡನೆ ಕೂಡಿ ಬೈಗುಳದ ಮಟ್ಟಕ್ಕೆ ಇಳಿದುದು ಅರ್ಥಾಪಕರ್ಷಕ್ಕೆ ಒಳ್ಳೆಯ ಉದಾಹರಣೆ. ಆದರೆ ಮೊದಲನೆಯ ಅರ್ಥವು ಎರಡನೆಯದಾಗುವುದನ್ನು ಕಣ್ಣಾರೆ ಕಾಣಬೇಕೆನ್ನುವವರು ನಿಘಂಟನ್ನು ಮಡಿಸಿಟ್ಟು, ಪುಣೆಯಲ್ಲಿ ಬಾಡಿಗೆ ಕೋಣೆ ಹುಡುಕುವ ಆಫ್ರಿಕದ ವಿದ್ಯಾರ್ಥಿಯ ಹಿಂದೆ ಒಂದು ಸಂಜೆ ನಡೆಯಬೇಕು.

ದೂರವಾಣಿಯಲ್ಲಿ ಖಾಲಿಯಿದ್ದ ಮನೆ ಆತ ಬಾಗಿಲಲ್ಲಿ ನಿಂತೊಡನೆ ಭರ್ತಿಯಾಗಿಬಿಡುತ್ತದೆ. ಕೆಲವರು ಅಡುಗೆಯ ವಾಸನೆಯ ಮಾತೆತ್ತುತ್ತಾರೆ, ಕೆಲವರು ಸೊಸೈಟಿಯ ನಿಯಮದ ಮೊರೆಹೋಗುತ್ತಾರೆ. ಇವರೆಲ್ಲರಿಗಿಂತ ಸಭ್ಯರಾದವರ ಉತ್ತರ ಬೇರೆ: ‘ನಮಗೇನೂ ಅಭ್ಯಂತರವಿಲ್ಲ, ಪೊಲೀಸರ ಕಾಗದಪತ್ರದ ರಗಳೆ ಬೇಡ.’ ಈ ಮಾತು ಪೂರ್ತಿ ಸುಳ್ಳಲ್ಲ, ತೊಡಕಿರುವುದೇ ಇಲ್ಲಿ. ವಿದೇಶಿಯನ್ನು ಮನೆಯಲ್ಲಿರಿಸಿಕೊಂಡವರು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಬಹುಕಾಲ ‘ಸಿ’ ಫಾರಂ ಎಂದೇ ಪರಿಚಿತವಾಗಿದ್ದ ವರದಿ ಅದು. 180 ದಿನಗಳಿಗೆ ಮೀರಿದ ವೀಸಾ ಉಳ್ಳ ವಿದ್ಯಾರ್ಥಿ ಬಂದ 14 ದಿನಗಳಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿಗೆ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆ ಕೊಡುವವರಿಗೆ ನೋಂದಣಿಯ ಭಯ. ಮನಸ್ಸಿನಲ್ಲಿದ್ದ ಅಸಹನೆಗೆ ಸರಕಾರದ ನಮೂನೆಯೊಂದು ಮರ್ಯಾದೆಯ ಹೊದಿಕೆಯಾಗಿ ಒದಗುತ್ತದೆ. ಬೇಡವೆಂದವರು ತಮ್ಮನ್ನು ಸಂಕುಚಿತರೆಂದು ಭಾವಿಸಬೇಕಾದ ಪ್ರಸಂಗವೇ ಬರುವುದಿಲ್ಲ.

ಈ ವ್ಯವಸ್ಥೆಯ ಬೇರು ವಸಾಹತುಶಾಹಿಯಲ್ಲಿದೆ. ನೋಂದಣಿ ಕಾಯಿದೆ 1939ರದು, ವಿದೇಶಿಯರ ಕಾಯಿದೆ 1946ರದು. 2018ರಲ್ಲಿ ಅರ್ಜಿಗಳು ಅಂತರಜಾಲಕ್ಕೆ ಬಂದವು. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯಿದೆಗಳ ಸ್ಥಾನದಲ್ಲಿ ಹೊಸದೊಂದು ಜಾರಿಗೆ ಬಂದಿತು. ಸಾಲಿನಲ್ಲಿ ನಿಲ್ಲುವ ಕಷ್ಟ ತಗ್ಗಿರಬಹುದು. ಬಾಗಿಲಲ್ಲಿ ನಿಲ್ಲುವ ಕಷ್ಟಕ್ಕೆ ಅಂತರಜಾಲದಲ್ಲಿ ಪರಿಹಾರವಿಲ್ಲ.

ಪುಣೆ ಪರಕೀಯರನ್ನು ಅರಿಯದ ಊರೇನಲ್ಲ. ಡೆಕ್ಕನ್ ಕಾಲೇಜಿಗೂ ಭಾಂಡಾರಕರ ಸಂಸ್ಥೆಗೂ ಹಸ್ತಪ್ರತಿಗಳನ್ನು ಅರಸಿ ಬಂದ ಐರೋಪ್ಯ ವಿದ್ವಾಂಸರು ಈ ನಗರದ ಹೆಮ್ಮೆಗೆ ಕಾರಣರಾದವರು. ಅವರೂ ತುಂಬಬೇಕಾದದ್ದು ಅದೇ ನಮೂನೆಗಳನ್ನು. ಆದರೂ ಬಿಳಿಯ ವಿದ್ವಾಂಸ ಅತಿಥಿಯಾಗುತ್ತಾನೆ, ಕರಿಯ ವಿದ್ಯಾರ್ಥಿ ಪರದೇಸಿಯಾಗುತ್ತಾನೆ. ವರ್ಣದ ತಾರತಮ್ಯವನ್ನು ಸಾವಿರ ವರ್ಷ ಸಾಕಿಕೊಂಡು ಬಂದ ಸಮಾಜಕ್ಕೆ ಇದನ್ನು ಹೊರಗಿನವರು ಕಲಿಸಬೇಕಾಗಿರಲಿಲ್ಲ.

ಇದೇ ನಗರದಲ್ಲಿ ಇನ್ನೊಂದು ಸಂಗತಿಯೂ ನಡೆದಿದೆ. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಸ್. ಬಿ. ಮುಜುಮದಾರರು ವಿದ್ಯಾರ್ಥಿನಿಲಯದ ಮೇಲ್ವಿಚಾರಕರೂ ಆಗಿದ್ದರು. ಹುಡುಗಿಯೊಬ್ಬಳು ಕಿಟಕಿಯ ಮೂಲಕ ಒಳಗಿನ ಹುಡುಗನಿಗೆ ಏನನ್ನೋ ಕೊಡುವುದು ಅವರ ಕಣ್ಣಿಗೆ ಬಿತ್ತು. ಮೇಲ್ವಿಚಾರಕರಿಗೆ ಸಹಜವಾದ ಸಂಶಯದಿಂದಲೇ ವಿಚಾರಿಸಿದರು. ಹುಡುಗ ಮಾರಿಷಸ್ಸಿನವನು, ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದ, ಆಕೆ ತರುತ್ತಿದ್ದುದು ಊಟ. ಆ ನೋವಿನಿಂದ 1971ರಲ್ಲಿ ಅವರು ಕಟ್ಟಿದ ಸಂಸ್ಥೆಗೆ ‘ಸಿಂಬಯಾಸಿಸ್’ ಎಂಬ ಹೆಸರು ಬಂದಿತು; ಎರಡು ಬೇರೆ ಜೀವಿಗಳು ಕೂಡಿ ಬಾಳುವುದಕ್ಕೆ ಜೀವಶಾಸ್ತ್ರದಲ್ಲಿರುವ ಪರಿಭಾಷೆ ಅದು. ಸಂಸ್ಥೆ ಮುಂದೆ ವಿಶ್ವವಿದ್ಯಾನಿಲಯವಾಗಿ ಬೆಳೆದುದು ಸರ್ವವಿದಿತ. ಆದರೆ ಆ ಸಂಶಯ ಒಂದು ಪ್ರಶ್ನೆಯಾಗಿ ಹುಡುಗನ ಹಾಸಿಗೆಯವರೆಗೆ ಹೋಯಿತಲ್ಲ, ಅದು ಹೆಚ್ಚಿನದು. ಬಹುತೇಕ ಸಂಶಯಗಳು ಅಷ್ಟು ದೂರ ನಡೆಯುವುದಿಲ್ಲ.

ಹನ್ನೊಂದು ತಿಂಗಳ ಕರಾರು ಮುಗಿದಾಗ ವಿದ್ಯಾರ್ಥಿ ಮತ್ತೆ ಮನೆ ಹುಡುಕಬೇಕು. ಅಷ್ಟರಲ್ಲಿ ಆತನಿಗೆ ತರಕಾರಿ ಕೊಳ್ಳುವಷ್ಟು ಮರಾಠಿ ಬಂದಿರುತ್ತದೆ. ಮಂಡಯಿಯ ಮುದುಕಿ ‘ಬಾಳಾ’ ಎಂದು ಕರೆದು ಎರಡು ಕಾಯಿ ಹೆಚ್ಚಿಗೆ ಹಾಕುತ್ತಾಳೆ. ಕೋಣೆ ದೊರೆತರೆ ಸಾಮಾನು ಸಾಗಿಸುವ ಮೊದಲೇ ಆತ ಕಾಗದದ ಕಡತವನ್ನು ಕಂಕುಳಲ್ಲಿಟ್ಟುಕೊಳ್ಳುತ್ತಾನೆ. ಬದಲಾದ ವಿಳಾಸವನ್ನೂ ವರದಿ ಮಾಡಬೇಕು.