ಅಳಿಸಿದ ಅಂಕಿ

ಹರಿಹರದಿಂದ ದಾವಣಗೆರೆಗೆ ದಿನವೂ ಒಂದೇ ಬಸ್ಸಿನಲ್ಲಿ ಹೋಗಿಬರುವ ತಂದೆ, ಮಗಳು. ತಂದೆ ಮಂಡಿಯೊಂದರಲ್ಲಿ ಕಿರ್ದಿ ಬರೆಯುವ ಗುಮಾಸ್ತರು. ಮಗಳು ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಕಾರ್ತಿಕದ ಒಂದು ಸಂಜೆ ಮಗಳ ಮುಖ ಬಾಡಿತ್ತು. ಸರಳ ಲೋಲಕದ ಪ್ರಯೋಗದಲ್ಲಿ, ಒಂದು ಮೀಟರ್ ಉದ್ದಕ್ಕೆ, ಇಪ್ಪತ್ತು ಆಂದೋಲನಗಳಿಗೆ ಎಲ್ಲರಿಗೂ ಸುಮಾರು 40 ಸೆಕೆಂಡು ಬಂದರೆ ಅವಳಿಗೆ ಬಂದದ್ದು 38. ಅಂಕ ಹೋದೀತೆಂದು ಹೆದರಿ, ಅದನ್ನು ಅಳಿಸಿ ಗೆಳತಿಯ ಅಂಕಿಯನ್ನೇ ಬರೆದುಬಿಟ್ಟಿದ್ದಳು. ತಂದೆಗೆ ಹೇಳಲಿಲ್ಲ.

ರಾತ್ರಿ ಮಾಳಿಗೆಯ ಮೇಲೆ ನಿಂತು, ಬೇಸರ ಕಳೆಯಲೆಂದು, ಉತ್ತರದಲ್ಲಿ ಧ್ರುವ ನಕ್ಷತ್ರಕ್ಕಿಂತ ತುಸು ಮೇಲಿದ್ದ ಚುಕ್ಕಿಯೊಂದನ್ನು ತಂದೆಗೆ ತೋರಿಸಿದಳು. ಅದು ಗಾಮಾ ಸೀಫಿ. ದೂರ ಸುಮಾರು 45 ಜ್ಯೋತಿರ್ವರ್ಷ.

"ಕಣ್ಣಿಗೆ ಒಂದೇ ಕಾಣುತ್ತೆ ಅಪ್ಪಾಜಿ, ಇರೋದು ಎರಡು. ನಮ್ಮ ಹರಿಹರೇಶ್ವರನ ಹಾಗೆ!"

ಕಿರಿಯ ನಕ್ಷತ್ರ ಹಿರಿಯದರ ಸುತ್ತ ಬರಲು ಸುಮಾರು 67 ವರ್ಷ ಬೇಕು. ಹಿರಿಯ ನಕ್ಷತ್ರಕ್ಕೆ ನಮ್ಮ ಗುರುವಿಗಿಂತಲೂ ಭಾರವಾದ ಗ್ರಹವೊಂದಿದೆ. ಅದರ ಒಂದು ಸುತ್ತಿಗೆ ಸುಮಾರು ಎರಡೂವರೆ ವರ್ಷ.

"ಗ್ರಹ ಕಾಣಿಸ್ತದೇನು?"

"ಇಲ್ಲ. ಮಗುವಿನ ಕೈ ಹಿಡಿದು ತಿರುಗಿಸೋರು ತಾವೂ ಸ್ವಲ್ಪ ವಾಲ್ತಾರಲ್ಲ, ಹಾಗೆ ನಕ್ಷತ್ರ ತೂಗುತ್ತೆ. ಅದರ ಬೆಳಕಿನ ರೋಹಿತದಲ್ಲಿ ಗೆರೆಗಳು ಅತ್ತಿತ್ತ ಸರಿಯುತ್ತವೆ."

1988ರಲ್ಲಿ ಕೆನಡಾದ ಖಗೋಳ ವಿಜ್ಞಾನಿಗಳು ಈ ತೂಗಾಟವನ್ನು ಗಮನಿಸಿ, ಗ್ರಹವಿರಬಹುದೆಂದು ಸೂಚಿಸಿದರು. 1992ರಲ್ಲಿ ಅವರೇ, ಇದು ನಕ್ಷತ್ರ ತನ್ನ ಅಕ್ಷದ ಮೇಲೆ ತಿರುಗುವುದರ ಪರಿಣಾಮವೂ ಇದ್ದೀತೆಂದು ಹಿಂದೆ ಸರಿದರು. ಅಳತೆಗಳು ಮಾತ್ರ ನಿಲ್ಲಲಿಲ್ಲ. 1981ರಿಂದ 2002ರವರೆಗಿನ ಅಳತೆಗಳನ್ನೆಲ್ಲ ಕೂಡಿಸಿ ನೋಡಿದಾಗ, ಗ್ರಹ ಇರುವುದು ನಿಜವೆಂದು 2003ರಲ್ಲಿ ಪ್ರಕಟವಾಯಿತು.

ತಂದೆ ತಲೆದೂಗಿದರು. "ಹಂಗಾದ್ರೆ ಹಳೇ ಲೆಕ್ಕ ಯಾರೂ ಅಳಿಸಿರಲಿಲ್ಲ ಅನ್ನು. ನಮ್ಮ ಕಿರ್ದಿಯಲ್ಲೂ ಅಷ್ಟೇನವ್ವಾ. ತಪ್ಪಾದ್ರೆ ಗೀಟು ಎಳೀತೀವಿ, ಅಳಿಸೋದಿಲ್ಲ."

ಮಗಳು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಲ್ಲವನ್ನೂ ಹೇಳಿದಳು.

ಮರುದಿನ ಕಾಲೇಜಿನಲ್ಲಿ ಅನುಮತಿ ಕೇಳಿ ಲೋಲಕವನ್ನು ಮತ್ತೆ ತೂಗಿಬಿಟ್ಟಳು. ಗುಂಡು ಹೊರಡುವಾಗ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸಿದ್ದೇ ತಪ್ಪು. ಅವಳು ಎಣಿಸಿದ್ದು ಇಪ್ಪತ್ತಲ್ಲ, ಹತ್ತೊಂಬತ್ತು ಆಂದೋಲನ! ಹತ್ತೊಂಬತ್ತಕ್ಕೆ 38 ಸೆಕೆಂಡು ಸರಿಯಾದ ಲೆಕ್ಕವೇ. ಗಡಿಯಾರ ಸುಳ್ಳು ಹೇಳಿರಲಿಲ್ಲ.

ಗೆಳತಿಯ ಅಂಕಿಗೆ ಗೀಟು ಎಳೆದು, ಪಕ್ಕದಲ್ಲಿ 38 ಎಂದು ಬರೆದು, ಕಾರಣವನ್ನೂ ಬರೆದಳು. ಕೆಳಗೆ ಹೊಸ ಅಳತೆ.

ಸಂಜೆ ಬಸ್ಸಿನಲ್ಲಿ ಅವಳು ತೆರೆದು ತೋರಿಸಿದ ಆ ಪುಟವನ್ನು ತಂದೆ ಕನ್ನಡಕ ಏರಿಸಿಕೊಂಡು ಕಿರ್ದಿಯಂತೆ ಓದಿದರು. ಅಂಕ ಎಷ್ಟೆಂದು ಕೇಳಲಿಲ್ಲ.