ಕಬ್ಬು ತಿಂದವರು ನಾವು

ನಮ್ಮ ಊರಿನ ಇಗರ್ಜಿಯಲ್ಲಿ ದಿನಕ್ಕೆ ಮೂರು ಸಲ ಆಮೋರಿಯ ಗಂಟೆ ಬಾರಿಸುತ್ತಾರೆ. ನಲವತ್ತು ವರ್ಷಕ್ಕೂ ಮಿಕ್ಕಿ ಆ ಹಗ್ಗ ಎಳೆದದ್ದು ಒಂದೇ ಕೈ. 2024ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಜಡಿಮಳೆಯಲ್ಲಿ, ಗಂಟೆ ಬಾರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆ ಯಾರದೋ ಕೈಯಿಂದ ನಿಧಾನವಾಗಿ, ಒಂದೊಂದಾಗಿ ಮರಣದ ಗಂಟೆ ಕೇಳಿಸಿತು. ಊರವರು ಯಾರು ತೀರಿಕೊಂಡರೆಂದು ಕೇಳಲೇ ಇಲ್ಲ. ಗಂಟೆ ಹೊಡೆಯುವವನೇ ತೀರಿಕೊಂಡಿದ್ದಾನೆಂದು ಗಂಟೆಯೇ ಹೇಳಿತ್ತು.

ಅವನು ನಮ್ಮ ಸಹಪಾಠಿ. ನಾವು ನಾಲ್ವರು, ಅವನು ಸೇರಿ ಐವರು. ಒಬ್ಬ ಊರಿನಲ್ಲೇ ಅಡಿಕೆ ಕೃಷಿ ಮಾಡಿಕೊಂಡಿದ್ದೇವೆ, ಒಬ್ಬ ಮಂಗಳೂರಿನಲ್ಲಿ, ಒಬ್ಬ ಮುಂಬಯಿಯಲ್ಲಿ, ಒಬ್ಬ ದುಬೈಯಲ್ಲಿ. ಈ ಬರಹ ನಾಲ್ವರೂ ಸೇರಿ ಬರೆದದ್ದು. ತಪ್ಪೂ ನಾಲ್ವರದ್ದೇ ಆದ್ದರಿಂದ ಹಾಗೆಯೇ ಆಗಬೇಕು.

ನಾವೆಲ್ಲ ಕಾಸರಗೋಡಿನ ಕಡೆಯವರು, 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದವರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಕಂಡಕ್ಟರನೊಡನೆ ಮಲಯಾಳ. ಸರಕಾರ ತಿರುವನಂತಪುರದಲ್ಲಿ, ಬಿಷಪರು ಮಂಗಳೂರಿನಲ್ಲಿ. "ತೀರ್ವೆ ತೆಂಕಕ್ಕೆ, ಪ್ರಾರ್ಥನೆ ಬಡಗಕ್ಕೆ" ಎಂದು ನಮ್ಮ ಹಿರಿಯರು ತಮಾಷೆ ಮಾಡುತ್ತಿದ್ದರು. ಇಷ್ಟು ಭಾಷೆಗಳ ನಡುವೆ ಬೆಳೆದವನಿಗೆ ಒಮ್ಮೆಯಾದರೂ ಕಾಲು ಜಾರಲೇಬೇಕು. ನಮ್ಮ ಗೆಳೆಯ ಜಾರಿದ್ದು ಇನ್ಸ್‌ಪೆಕ್ಟರರ ಎದುರಿಗೆ.

ಆಗ ನಾವು ಐದನೇ ತರಗತಿ. ತೆಂಕಿನಿಂದ ಹೊಸದಾಗಿ ಬಂದ ಇನ್ಸ್‌ಪೆಕ್ಟರರಿಗೆ ಕನ್ನಡ ಬಾರದು. ಮುಂದಿನ ಬೆಂಚಿನಲ್ಲಿದ್ದ ಇವನನ್ನು ಎಬ್ಬಿಸಿ ಪ್ರೀತಿಯಿಂದಲೇ "ಪೇರೆಂದಾ?" ಎಂದು ಕೇಳಿದರು. ಮಲಯಾಳದಲ್ಲಿ ಪೇರ್ ಎಂದರೆ ಹೆಸರು. ತುಳುವಿನಲ್ಲಿ ಪೇರ್ ಎಂದರೆ ಹಾಲು. ದಿನಾ ಬೆಳಿಗ್ಗೆ ಮೇಷ್ಟ್ರ ಮನೆಗೆ ಹಾಲು ಕೊಟ್ಟು ಶಾಲೆಗೆ ಬರುತ್ತಿದ್ದ ಹುಡುಗ, ಹೊಸ ಸಾಹೇಬರಿಗೂ ಹಾಲು ಬೇಕಾಗಿರಬೇಕೆಂದು ತಿಳಿದ. ಕೈಕಟ್ಟಿ ನಿಂತು, "ಎರಡು ಕುಡ್ತೆ ಕೊಡಬಹುದು ಸಾರ್. ಸಂಜೆ ಸಿಕ್ಕುವುದಿಲ್ಲ, ಕರುವಿಗೆ ಬೇಕು" ಎಂದ. ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಹೋದರು. ಅಂದಿನಿಂದ ಅವನ ಜ್ಞಾನಸ್ನಾನದ ಹೆಸರು ಇಗರ್ಜಿಯ ಪುಸ್ತಕದಲ್ಲಿ ಮಾತ್ರ ಉಳಿಯಿತು. ನಮಗೆಲ್ಲ ಅವನು ಕುಡ್ತೆ.

ಶಾಲೆಯ ಗಂಟೆ ಹೊಡೆಯುವ ಕೆಲಸವೂ ಕುಡ್ತೆಯದ್ದೇ. ಗಂಟೆ ಎಂದರೆ ಹಲಸಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಅವನ ಮನೆಯಲ್ಲಿ ಗಡಿಯಾರವಿಲ್ಲ. ಕುಂಬಳೆಯಿಂದ ಬರುವ ಬಸ್ಸಿನ ಹಾರ್ನ್ ಕೇಳಿದಾಗ ಓಡಿಬಂದು ಬಾರಿಸುತ್ತಿದ್ದ. ಬಸ್ಸು ಕೆಟ್ಟು ನಿಂತ ದಿನ ನಮ್ಮ ಶಾಲೆಯೇ ತಡವಾಗಿ ಸುರುವಾಗುತ್ತಿತ್ತು. ತಡವಾಗಿ ಬಂದದ್ದಕ್ಕೆ ಪೆಟ್ಟು ತಿನ್ನದ ಹುಡುಗ ಇಡೀ ಶಾಲೆಯಲ್ಲಿ ಅವನೊಬ್ಬನೇ. ಅವನು ಬಂದ ಮೇಲೆಯೇ ಅಲ್ಲವೇ ಗಂಟೆ! ಕೈ ಪಳಗಿದ್ದನ್ನು ಕಂಡ ವಿಗಾರ್ ಸ್ವಾಮಿಗಳು ಸಂಜೆಯ ಆಮೋರಿಯ ಗಂಟೆಗೂ ಅವನನ್ನೇ ನೇಮಿಸಿದರು.

ಈಗ ನಾವು ಐವತ್ತೆರಡು ವರ್ಷ ಮುಚ್ಚಿಟ್ಟ ಸಂಗತಿಗೆ ಬರುತ್ತೇವೆ.

1972ರ ಸೆಪ್ಟೆಂಬರ್ 7, ಮೊಂತಿ ಹಬ್ಬದ ಹಿಂದಿನ ಸಂಜೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸಿ, ಕೊನೆಯ ದಿನ ಒಂದೊಂದು ಕಬ್ಬು ಪಡೆಯುವುದು ನಮ್ಮಲ್ಲಿ ವಾಡಿಕೆ. ಇಂದು ಕಬ್ಬು ಕೊಟ್ಟರೆ ಮಕ್ಕಳು ತಿರುಗಿಯೂ ನೋಡಲಿಕ್ಕಿಲ್ಲ. ಆಗ ಆ ಒಂದು ಜಲ್ಲೆಗಾಗಿ ಬೇಲಿಬೇಲಿ ಹುಡುಕಿ ಮಳೆಯಲ್ಲಿ ಹೂ ಕೊಯ್ಯುತ್ತಿದ್ದೆವು. ಕಬ್ಬಿನ ಕಟ್ಟುಗಳನ್ನು ಗಂಟೆಗೋಪುರದ ಬುಡದಲ್ಲಿ ಇಟ್ಟಿದ್ದರು. ಕುಡ್ತೆ ಮೇಲೆ ಹೋಗಿ ಗಂಟೆ ಹೊಡೆಯುತ್ತಿದ್ದ. ನಾವು ನಾಲ್ವರು ಕೆಳಗೆ ಮೆಟ್ಟಿಲಲ್ಲಿ ಕುಳಿತು ಮೂರು ಜಲ್ಲೆ ಎಳೆದು ತಿಂದೆವು. ಅಲ್ಲಿ ಆಮೋರಿ, ಇಲ್ಲಿ ಕಬ್ಬು. ಯಾರೋ ಬರುವ ಸದ್ದಾಯಿತು. ಹಿಂಬಾಗಿಲಿನಿಂದ ಗದ್ದೆಗೆ ಹಾರಿ ಓಡಿದೆವು.

ಕೆಳಗಿಳಿದ ಕುಡ್ತೆ ಮೆಟ್ಟಿಲ ತುಂಬ ಬಿದ್ದಿದ್ದ ಸಿಪ್ಪೆ ಕಂಡ. ಮರುದಿನ ಹಬ್ಬ, ಇಗರ್ಜಿ ಗಲೀಜಾಗಬಾರದೆಂದು ಅದನ್ನೆಲ್ಲ ಹೆಕ್ಕಿ ಅಂಗಿಯ ಮಡಿಲಿಗೆ ತುಂಬಿಸಿಕೊಂಡ. ಬಂದವರ ಕೈಗೆ ಸಿಕ್ಕಿಬಿದ್ದದ್ದು ಹಾಗೆ. ಗುಡಿಸಿದವನೇ ಕಳ್ಳನಾದ.

ಹಬ್ಬದ ದಿನ ಕಬ್ಬಿನ ಸಾಲಿನಲ್ಲಿ ಅವನನ್ನು ನಿಲ್ಲಿಸಲಿಲ್ಲ. ಸೋಮವಾರ ಶಾಲೆಯ ಅಸೆಂಬ್ಲಿಯಲ್ಲಿ ಎಲ್ಲರ ಎದುರು ಕರೆದು ಕೇಳಿದರು: "ಬೇರೆ ಯಾರು ಇದ್ದರು?"

"ನಾನೊಬ್ಬನೇ ಸಾರ್."

"ಮೂರು ಜಲ್ಲೆ ಕಬ್ಬನ್ನು ಒಬ್ಬನೇ ತಿಂದೆಯಾ?"

"ಹಸಿವಾಗಿತ್ತು ಸಾರ್."

ಇಡೀ ಶಾಲೆ ನಕ್ಕಿತು. ಬರೆಯಲು ನಾಚಿಕೆಯಾಗುತ್ತದೆ, ನಾವೂ ನಕ್ಕೆವು. ಕಬ್ಬು ತಿಂದವರು ನಾವು, ಬೆತ್ತ ತಿಂದವನು ಅವನು. ಪೆಟ್ಟು ಮುಗಿದು ಸಾಲಿಗೆ ಹಿಂತಿರುಗುವಾಗ ನಮ್ಮ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ. ಅಷ್ಟಕ್ಕೇ ಮುಗಿಯಿತೆಂದು ನಾವು ತಿಳಿದೆವು.

ಮುಗಿಯಲಿಲ್ಲ. ಅವನ ತಂದೆ ಇನ್ನೊಬ್ಬರ ತೋಟದಲ್ಲಿ ದುಡಿಯುವವರು, ಮಾನಕ್ಕೆ ಅಂಜುವವರು. ಮಗ ಇಗರ್ಜಿಯ ಸೊತ್ತು ಕದ್ದನೆಂದು ಕೇಳಿ ಅದೇ ವಾರ ಶಾಲೆ ಬಿಡಿಸಿದರು. ಎಂಟನೇ ತರಗತಿಗೇ ಅವನ ಓದು ನಿಂತಿತು. ಹಳಿಯ ಗಂಟೆಯನ್ನು ಬೇರೊಬ್ಬ ಹುಡುಗ ಹೊಡೆಯತೊಡಗಿದ, ಸರಿಯಾದ ಸಮಯಕ್ಕೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲ್ಕು ಬಾಯಿಗಳಿದ್ದವು, ಒಂದೂ ತೆರೆಯಲಿಲ್ಲ. 1975ರಲ್ಲಿ ನಾವು ಎಸ್ಸೆಸ್ಸೆಲ್ಸಿ ಪಾಸಾದಾಗ ಪೆಪ್ಪರ್‌ಮಿಂಟ್ ಹಂಚಿದೆವು. ಅವನು ಅಡಿಕೆ ಮರದ ಮೇಲಿನಿಂದಲೇ ಕೂಗಿ ತನ್ನ ಪಾಲು ಕೇಳಿದ.

ಅವನಿಗೆ ಸಿಟ್ಟಿರಲಿಲ್ಲವೇ? ನಾವು ಹುಡುಕಿ ನೋಡಿದ್ದೇವೆ, ಸಿಕ್ಕಲಿಲ್ಲ. ಮದ್ದು ಬಿಡುವುದು, ಕೊನೆ ಕೊಯ್ಯುವುದು ಕಲಿತ. ಊರಿನ ಹಳೆಯ ಗಂಟೆಯವರು ತೀರಿಕೊಂಡಾಗ ಆ ಹಗ್ಗ ಮತ್ತೆ ಅವನ ಕೈಗೇ ಬಂತು. ಮದುವೆಗೆ ಬಾರಿಸುವಾಗ ಅವನ ಮುಖ ನೋಡಬೇಕಿತ್ತು, ಮದುಮಗನಿಗಿಂತ ಹೆಚ್ಚು ಸಂಭ್ರಮ. 2020ರ ಮಾರ್ಚಿನಲ್ಲಿ ಇಗರ್ಜಿಗಳು ಮುಚ್ಚಿ, ತಲಪಾಡಿ ಗಡಿಯೂ ಬಂದ್ ಆದಾಗ ಮಂಗಳೂರಿನವನಿಗೂ ದುಬೈಯವನಿಗೂ ಊರು ಒಂದೇ ದೂರವಾಯಿತು. ಆಗ ಕುಡ್ತೆ ಒಬ್ಬನೇ ಗೋಪುರಕ್ಕೆ ಹತ್ತಿ ಗಂಟೆ ಹೊಡೆದು, ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದು ನಮಗೆ ವಾಟ್ಸಾಪ್ ಮಾಡುತ್ತಿದ್ದ. ಕೊನೆಗೆ ಅವನ ಸ್ವರ: "ಇನ್ನು ಚಾ ಕುಡಿಯಿರಿ. ಹಾಲು ಬೇಕಾದರೆ ಎರಡು ಕುಡ್ತೆ ಉಂಟು."

ಪ್ರತಿ ಮೊಂತಿ ಹಬ್ಬಕ್ಕೆ ಅವನು ಹಿತ್ತಿಲಲ್ಲಿ ತಾನೇ ಬೆಳೆಸಿದ ಮೂರು ಜಲ್ಲೆ ಕಬ್ಬನ್ನು ಇಗರ್ಜಿಗೆ ಕೊಡುತ್ತಿದ್ದ. ಎರಡಲ್ಲ, ನಾಲ್ಕಲ್ಲ, ಮೂರು. ಕೇಳಿದರೆ "ಇಗರ್ಜಿಗೆ ಸ್ವಲ್ಪ ಸಾಲ ಉಂಟು ಮಾರಾಯ, ತೀರಿಸಬೇಕಲ್ಲ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ನಕ್ಕು ಊಟಕ್ಕೆ ಕೂರುತ್ತಿದ್ದೆವು. ಆ ಸಾಲ ಯಾರದ್ದೆಂದು ಐವರಿಗೂ ಗೊತ್ತಿತ್ತು.

ಅವನ ತಿಂಗಳ ಪೂಜೆಗೆ ನಾಲ್ವರೂ ಊರಿಗೆ ಬಂದೆವು. ಪೂಜೆಯ ನಂತರ ಅವನ ಮನೆಯ ಜಗಲಿಯಲ್ಲಿ ಕುಳಿತು, ಅವನ ಮನೆಯಾಕೆಗೂ ಮಗಳಿಗೂ ಎಲ್ಲವನ್ನೂ ಹೇಳಿದೆವು. ಮಗಳು ಟೀಚರ್. ತುಂಬ ಹೊತ್ತು ಸುಮ್ಮನಿದ್ದು, "ಶಾಲೆಯಲ್ಲಿ ನನ್ನನ್ನು ಕಬ್ಬು ಕಳ್ಳನ ಮಗಳು ಎಂದು ಕರೆಯುತ್ತಿದ್ದರು ಅಂಕಲ್" ಎಂದಳು. ಅಷ್ಟೇ. ನಮ್ಮ ಕೈಯಲ್ಲಿದ್ದ ಚಹಾ ತಣ್ಣಗಾಯಿತು.

ಅವನ ಮನೆಯಾಕೆ ಅಳಲಿಲ್ಲ. "ನನಗೆ ಮದುವೆಯಾದ ವರ್ಷವೇ ಹೇಳಿದ್ದರು" ಎಂದರು. "ಮಕ್ಕಳಿಗೆ ಹೇಳುತ್ತೇನೆ ಎಂದರೆ ಬಿಡುತ್ತಿರಲಿಲ್ಲ, ಅವರೇ ಬಂದು ಹೇಳಲಿ ಎನ್ನುತ್ತಿದ್ದರು. ಪ್ರತಿ ಹಬ್ಬಕ್ಕೆ ನೀವು ಉಂಡು ಹೋದ ಮೇಲೆ ನಾನು ಕೇಳುವುದಿತ್ತು, ಈ ಸಲ ಹೇಳಿದರಾ ಅಂತ. ಬರುವ ವರ್ಷ ಹೇಳಿಯಾರು ಎಂದು ನಗುತ್ತಿದ್ದರು."

ಅವನು ಕಾಯುತ್ತಿದ್ದ! ನಮ್ಮ ಮೇಲೆ ಸಿಟ್ಟಿಲ್ಲದವನು ಎಂದುಕೊಂಡು ನೆಮ್ಮದಿಯಾಗಿದ್ದೆವು. ಕ್ಷಮಿಸಿದವನಿಗೆ ಮತ್ತೆ ಹೇಳುವುದೇನು ಎಂದುಕೊಂಡಿದ್ದೆವು. ಕ್ಷಮೆ ಅವನು ಎಂದೋ ಕೊಟ್ಟಾಗಿತ್ತು. ಬಂದು ತೆಗೆದುಕೊಳ್ಳುವ ಕೆಲಸವನ್ನು ನಾವು ಮಾಡಿರಲಿಲ್ಲ.

2024ರ ಮೊಂತಿ ಹಬ್ಬ ಭಾನುವಾರ ಬಂತು. ವಿಗಾರ್ ಸ್ವಾಮಿಗಳ ಅಪ್ಪಣೆ ಪಡೆದು, ಬಲಿಪೂಜೆ ಮುಗಿದು ತೆನೆ ಹಂಚುವ ಮೊದಲು, ನಾವು ನಾಲ್ವರು ಮುಂದೆ ನಿಂತು 1972ರ ಕತೆಯನ್ನು ಊರವರಿಗೆ ಹೇಳಿದೆವು. "ಹಸಿವಾಗಿತ್ತು ಸಾರ್" ಎಂಬಲ್ಲಿ ಮಕ್ಕಳೆಲ್ಲ ನಕ್ಕರು. ಅವನ ಮಗಳೂ ನಕ್ಕಳು, ಕಣ್ಣು ಒರೆಸಿಕೊಂಡಳು. ಆ ದಿನ ಇಗರ್ಜಿಗೆ ಅವನ ಹಿತ್ತಿಲಿನ ಮೂರು ಜಲ್ಲೆ ಬಂದಿತ್ತು, ನೆಟ್ಟವನು ಹೋದರೂ. ಅದರ ಪಕ್ಕದಲ್ಲಿ ನಮ್ಮದೂ ಮೂರು ಇಟ್ಟೆವು. ಐವತ್ತೆರಡು ವರ್ಷದ ಬಡ್ಡಿ ಲೆಕ್ಕ ಹಾಕಲು ಹೋಗಲಿಲ್ಲ.

ಪ್ರಿಯ ಓದುಗರೇ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ರಾಜಿಯಾಗಬೇಕೆಂದು ಯೇಸುಸ್ವಾಮಿ ಕಲಿಸಿದ್ದನ್ನು ನಾವು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆವು. ಅವನು ಹೊಡೆದ ಗಂಟೆ ಕೇಳಿಯೇ ಆ ಪ್ರಸಂಗಗಳಿಗೆ ಹೋಗಿದ್ದೆವು! ನಿಮ್ಮ ಮನಸ್ಸಿನಲ್ಲೂ ಯಾರಿಗಾದರೂ ಹೇಳಬೇಕಾದ ಹಳೆಯ ಮಾತೊಂದು ಉಳಿದಿದ್ದರೆ ಬರುವ ಹಬ್ಬಕ್ಕೆ ಕಾಯಬೇಡಿ. ಇಂದು ಸಂಜೆ ಆಮೋರಿಯ ಗಂಟೆ ಬಾರಿಸುವ ಮೊದಲೇ ಹೋಗಿ ಹೇಳಿ ಬನ್ನಿ.

ನಮ್ಮ ಕುಡ್ತೆಗೆ ದೇವರು ನಿತ್ಯ ವಿಶ್ರಾಂತಿಯನ್ನು ಕೊಡಲಿ. ಸ್ವರ್ಗದ ಬಾಗಿಲಿನಲ್ಲಿ ಸಂತ ಪೇತ್ರರು ಅವನ ಹೆಸರು ಕೇಳುವಾಗ ಮಾತ್ರ ಮಲಯಾಳದಲ್ಲಿ ಕೇಳದಿರಲಿ.