ಫ್ಯೂಯೆಲ್ ಪಂಪ್ ‘ಡೈರೆಕ್ಟ್’ ಮಾಡಿಸಿದ್ದೀರಾ?

ಮನೆಯಲ್ಲಿ ಇಂಜೆಕ್ಷನ್ ಮಾದರಿಯ ಪೆಟ್ರೋಲ್ ಓಮ್ನಿ ಇದ್ದರೆ ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಟ್ಯಾಂಕ್ ಕಡೆ ಕಿವಿ ಕೊಡಿ. ಎರಡು ಮೂರು ಸೆಕೆಂಡ್ ಗುಂಯ್ ಎಂದು ಸದ್ದು ಬಂದು ತಾನೇ ನಿಲ್ಲಬೇಕು. ನಿಲ್ಲದಿದ್ದರೆ ರಿಲೇ ಅಂಟಿಕೊಂಡಿದೆ, ಇಲ್ಲವೇ ಯಾರೋ ನಿಮ್ಮ ಫ್ಯೂಯೆಲ್ ಪಂಪ್ ‘ಡೈರೆಕ್ಟ್’ ಮಾಡಿದ್ದಾರೆ.

ನನ್ನ ಗಾಡಿಗೆ ಆ ಸದ್ದು ಬಂದದ್ದು ಐಮಂಗಲದ ಹತ್ತಿರ ಕೆಟ್ಟು ನಿಂತ ಮೇಲೆ. ಚಿತ್ರದುರ್ಗದಲ್ಲಿ ಮೀಟಿಂಗ್ ವರದಿಗೆ ಹೊರಟಿದ್ದೆ. ಹೈವೇ ಪಕ್ಕದ ಮೆಕ್ಯಾನಿಕ್ ಒಬ್ಬರು ರಿಲೇ ಕಿತ್ತು, ಸಾಕೆಟ್‌ನ ಎರಡು ತೂತಿಗೆ ಗೇಣುದ್ದ ವೈರ್ ಸಿಕ್ಕಿಸಿದರು. ಗಾಡಿ ಓಡಿತು. ‘ಹಂಗೇ ಇರ್ಲಿ ಬಿಡಿ ಸಾರ್, ಇನ್ನೇನ್ ತೊಂದ್ರೆ ಇಲ್ಲ’ ಅಂದರು. ನಿಂತ ಗಾಡಿಯನ್ನು ಊರು ಮುಟ್ಟಿಸಲು ಅದು ಸರಿಯೇ. ಆದರೆ ‘ಹಂಗೇ ಇರ್ಲಿ’ ಅನ್ನುವ ಮಾತು ಸರಿಯಲ್ಲ.

ರಿಲೇ ಅಂದರೆ ನಮ್ಮ ಬೋರ್‌ವೆಲ್ ಸ್ಟಾರ್ಟರ್‌ನ ಮರಿ. ಸ್ಟಾರ್ಟರ್‌ನ ಹಸಿರು ಗುಂಡಿಯಲ್ಲಿ ಮೋಟರಿನ ಕರೆಂಟೆಲ್ಲ ಹರಿಯುವುದಿಲ್ಲ. ಅದು ಒಳಗಿನ ಕಾಯಿಲ್ ಎಬ್ಬಿಸುತ್ತದೆ, ಕಾಯಿಲ್ ದಪ್ಪ ಕಾಂಟ್ಯಾಕ್ಟ್ ಎಳೆಯುತ್ತದೆ. ಇಲ್ಲೂ ಹಾಗೇ. ಪಂಪ್ 4ರಿಂದ 8 ಆಂಪ್ಸ್ ಎಳೆದರೆ ಕಾಯಿಲ್‌ಗೆ ಸುಮಾರು 0.15 ಆಂಪ್ಸ್ ಸಾಕು. ವೋಲ್ಟೇಜ್ ಇಲ್ಲವೆಂದು ಕೆಲವರು ಸ್ಟಾರ್ಟರ್ ಗುಂಡಿಗೆ ಕಡ್ಡಿ ಸಿಕ್ಕಿಸಿ ಮೋಟರ್ ಸುಟ್ಟುಕೊಳ್ಳುತ್ತಾರಲ್ಲ, ಡೈರೆಕ್ಟ್ ಮಾಡುವುದೂ ಅದೇ ಕಡ್ಡಿ. ಆದರೆ ಇಲ್ಲಿ ಸುಡುವುದು ಮೋಟರ್ ಒಂದೇ ಅಲ್ಲ.

ಎಂಜಿನ್ ತಿರುಗುತ್ತಿದೆ ಎಂಬ ಸಿಗ್ನಲ್ ಬಂದರಷ್ಟೇ ಗಾಡಿಯ ಕಂಪ್ಯೂಟರ್ ರಿಲೇ ಹಿಡಿದಿಡುತ್ತದೆ. ಡಿಕ್ಕಿಯಾಗಿ ಎಂಜಿನ್ ನಿಂತರೆ ಸಿಗ್ನಲ್ ಹೋಗಿ ರಿಲೇ ಬಿಡುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ಡೈರೆಕ್ಟ್ ಮಾಡಿದ ಗಾಡಿಯಲ್ಲಿ ಡ್ರೈವರ್ ಪ್ರಜ್ಞೆ ತಪ್ಪಿ ಬಿದ್ದಿರುತ್ತಾನೆ, ಕೀ ಆನ್ ಇರುತ್ತದೆ, ಹರಿದ ಪೈಪಿನಿಂದ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

2020ರ ಆಗಸ್ಟ್‌ನಲ್ಲಿ ನಮ್ಮದೇ ತಾಲ್ಲೂಕಿನ ಕೆ.ಆರ್. ಹಳ್ಳಿ ಬಳಿ, ವಿಜಯಪುರದಿಂದ ಬೆಂಗಳೂರಿಗೆ ಹೋಗುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ ಐದು ಜನ ಸತ್ತರು. ಅದು ಡೀಸೆಲ್ ಬಸ್ಸು, ಈ ರಿಲೇಗೂ ಅದಕ್ಕೂ ನಾನು ಗಂಟು ಹಾಕುತ್ತಿಲ್ಲ. ಆದರೆ ಈ ಹೈವೇ ಪಕ್ಕದಲ್ಲಿ ಬದುಕುವವರಿಗೆ ಬೆಂಕಿ ಎಷ್ಟು ಬೇಗ ಹಬ್ಬುತ್ತದೆಂದು ಹೇಳಿಕೊಡಬೇಕಿಲ್ಲ.

ಹಿರಿಯೂರಿನ ಎಲೆಕ್ಟ್ರಿಷಿಯನ್ ಬಳಿ ಬಿಚ್ಚಿಸಿದಾಗ ರಿಲೇ ಸರಿಯಾಗೇ ಇತ್ತು! ಬ್ಯಾಟರಿ ತಾಗಿಸಿದರೆ ಟಿಕ್ ಅಂದಿತು, ಟೆಸ್ಟ್ ಲ್ಯಾಂಪೂ ಉರಿಯಿತು. ಕೆಟ್ಟದ್ದು ಸಾಕೆಟ್. ಸಡಿಲವಾದ ಪಿನ್ ಬಿಸಿಯಾಗಿ, ಪ್ಲಾಸ್ಟಿಕ್ ಕಪ್ಪಾಗಿ ಕರಗಿತ್ತು. ಹಾಗಾಗಿ ರಿಲೇ ಬದಲಿಸುವ ಮೊದಲು ಸಾಕೆಟ್ ನೋಡಿ.

ವೈರಿಂಗ್ ಕಷ್ಟವೇನಲ್ಲ. ರಿಲೇ ತಳದಲ್ಲೇ ನಂಬರ್ ಇರುತ್ತದೆ. 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ, ದೂರ ಇಟ್ಟರೆ ನಡುವಿನ ವೈರ್‌ಗೆ ಕಾವಲಿಲ್ಲ. 87ರಿಂದ ಪಂಪ್‌ಗೆ. 86ಕ್ಕೆ ಕೀ ಆನ್ ಆದಾಗ ಬರುವ ಪ್ಲಸ್. 85ಕ್ಕೆ ಅರ್ಥಿಂಗ್. ಓಮ್ನಿಯಲ್ಲಿ ಈ ಅರ್ಥಿಂಗ್ ಕೊಡುವುದು, ಕಿತ್ತುಕೊಳ್ಳುವುದು ಕಂಪ್ಯೂಟರ್. 85ನ್ನು ಬಾಡಿಗೆ ಬಿಗಿದುಬಿಟ್ಟರೆ ಹೊಸ ರಿಲೇ ಹಾಕಿಯೂ ಡೈರೆಕ್ಟ್ ಮಾಡಿದಂತೆಯೇ.

ಕಾರ್ಬುರೇಟರ್ ಇರುವ ಹಳೇ ಪೆಟ್ರೋಲ್ ಜೀಪಿಗೆ ಎಲೆಕ್ಟ್ರಿಕ್ ಪಂಪ್ ಹಾಕಿಸುವವರಿದ್ದಾರೆ. ಅಲ್ಲಿ ಕಂಪ್ಯೂಟರ್ ಇಲ್ಲ. 86ರ ಪ್ಲಸ್ ಅನ್ನು ಆಯಿಲ್ ಪ್ರೆಶರ್ ಸ್ವಿಚ್ ದಾಟಿಸಿ ತನ್ನಿ. ಎಂಜಿನ್ ನಿಂತರೆ ಆಯಿಲ್ ಪ್ರೆಶರ್ ಇಳಿದು ಪಂಪೂ ನಿಲ್ಲುತ್ತದೆ. ಅರ್ಥಿಂಗ್ ಕೊಡುವ ದೀಪದ ಸ್ವಿಚ್ ಇದಕ್ಕೆ ಆಗದು, ಪ್ರೆಶರ್ ಬಂದಾಗ ಕೂಡುವ ಎರಡು ಟರ್ಮಿನಲ್‌ನ ಸ್ವಿಚ್ ಕೇಳಿ. ಸ್ಟಾರ್ಟ್ ಮಾಡುವ ಕ್ಷಣಕ್ಕೆ ಬೇರೆ ದಾರಿ ಬೇಕು, ಅದನ್ನು ತಿಳಿದವರಿಂದಲೇ ಮಾಡಿಸಿ.

ಅಂಗಡಿಯವರು ಐದು ಕಾಲಿನ ರಿಲೇ ಕೊಟ್ಟರೆ ನಡುವಿನ ಪಿನ್ 87ಎ ಎಂದಿರುತ್ತದೆ. ರಿಲೇ ಆಫ್ ಇದ್ದಾಗಲೇ ಅದರಲ್ಲಿ ಕರೆಂಟ್ ಇರುತ್ತದೆ, ಪಂಪ್ ವೈರ್ ಅದಕ್ಕೆ ಕೊಡಬೇಡಿ.